ಕೊನೆಯ ಅಧ್ಯಾಯದ ಆ ಕಾಗದ

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು. ನೀನು ಕಳಿಸಿದ, ಹಳೆಯ ಕಾಲದ ಇಂಗ್ಲೆಂಡಿನಲ್ಲಿ ನಡೆಯುವ ಕಾದಂಬರಿಯ ಕರಡನ್ನು ಎರಡು ಸಲ ಓದಿದೆ. ಎರಡನೆಯ ಸಲ ಪೆನ್ಸಿಲ್ ಹಿಡಿದು ಓದಿದೆ. ಮಳೆಯಲ್ಲಿ ಗಾಡಿಯ ಚಕ್ರ ಹೂತುಹೋಗುವ ಅಧ್ಯಾಯ ತುಂಬಾ ಚೆನ್ನಾಗಿದೆ. ಅದನ್ನು ಮುಟ್ಟಬೇಡ. ಕೊನೆಯ ಅಧ್ಯಾಯ ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಫೋನಿನಲ್ಲಿ ಹೇಳಿದರೆ ಇಬ್ಬರೂ ವಾದಕ್ಕೆ ಇಳಿಯುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಹುಡುಗಿ ಕಥೆಯ ಉದ್ದಕ್ಕೂ, ಅಪ್ಪ ಅಮ್ಮನಿಗೆ ಮದುವೆಯಾಗಿರಲಿಲ್ಲ ಅನ್ನುವ ತನ್ನ ಹುಟ್ಟಿನ ಗುಟ್ಟನ್ನು ಮುಚ್ಚಿಟ್ಟುಕೊಂಡು ಬದುಕುತ್ತಾಳೆ. ಸತ್ತುಹೋದ ಕ್ಯಾಪ್ಟನ್ ಒಬ್ಬನ ಮಗಳು ಅಂತ ಸುಳ್ಳು ಹೇಳಿ ಅರ್ಲ್ ಬಿರುದಿನ ದೊಡ್ಡ ಮನುಷ್ಯನ ಮನೆಯಲ್ಲಿ, ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ಗವರ್ನೆಸ್ ಕೆಲಸಕ್ಕೆ ಸೇರುತ್ತಾಳೆ. ಗುಟ್ಟು ಹೊರಬಿದ್ದಾಗ ಅರ್ಲ್ ಮುಖ ತಿರುಗಿಸುತ್ತಾನೆ. ಕೊನೆಗೆ ಹಳೆಯ ಪೆಟ್ಟಿಗೆಯಲ್ಲಿ ಅವಳ ಅಪ್ಪ ಅಮ್ಮನ ಮದುವೆಯ ಕಾಗದ ಸಿಗುತ್ತದೆ. ಅವನು ಓಡಿ ಬಂದು ಕೈ ಹಿಡಿಯುತ್ತಾನೆ. ಆ ಕಾಗದ ಸಿಗದೇ ಹೋಗಿದ್ದರೆ, ಪುಟ್ಟಿ? ಇಷ್ಟು ಹೊತ್ತು ಅವಳ ಪರ ನಿಂತಿದ್ದ ನೀನು, ಕೊನೆಯಲ್ಲಿ ಅವಳನ್ನು ಹೀನಾಯವಾಗಿ ಕಂಡವರ ಮಾತನ್ನೇ ಒಪ್ಪಿಕೊಂಡ ಹಾಗಾಯಿತಲ್ಲ.

ಒಂದು ಪದದ ಬಗ್ಗೆಯೂ ಹೇಳಬೇಕು. ಉದ್ದಕ್ಕೂ ‘ಅಕ್ರಮ ಸಂತಾನ’ ಅಂತ ಬರೆದಿದ್ದೀಯ. ಅದು ಪೇಪರಿನವರ ಪದ. ಅಕ್ರಮ ಕಟ್ಟಡ, ಅಕ್ರಮ ಮರಳು ಅನ್ನುವ ಸಾಲಿನಲ್ಲಿ ಮಗುವನ್ನೂ ನಿಲ್ಲಿಸುತ್ತದೆ. ನಮ್ಮ ಆಡುಮಾತಿನಲ್ಲಿ ಇರುವುದು ಬೈಗುಳ ಮಾತ್ರ. ಅದನ್ನು ಕ್ರೂರಿಗಳ ಬಾಯಲ್ಲಿ ಇಡು. ನೀನು ಹೇಳುವಾಗ ‘ಅಪ್ಪ ಅಮ್ಮ ಮದುವೆಯಾಗದೆ ಹುಟ್ಟಿದ ಮಗು’ ಅಂದರೆ ಸಾಕು. ಆಗಿನ ಇಂಗ್ಲೆಂಡಿನ ದೊಡ್ಡಮನೆಗಳಲ್ಲಿ ‘ನ್ಯಾಚುರಲ್ ಚೈಲ್ಡ್’ ಅಂತ ಮೆಲ್ಲಗೆ ಹೇಳುತ್ತಿದ್ದರು. ಕಾನೂನು ಅಷ್ಟು ಮೆತ್ತಗಿರಲಿಲ್ಲ. ಅದು ಲ್ಯಾಟಿನ್‌ನಲ್ಲಿ ‘ಯಾರ ಮಗುವೂ ಅಲ್ಲ’ ಅನ್ನುತ್ತಿತ್ತು. ಬಿರುದು ಇಲ್ಲ, ವಂಶದ ಆಸ್ತಿ ಇಲ್ಲ. ಅಪ್ಪ ಉಯಿಲು ಬರೆದು ಏನಾದರೂ ಕೊಟ್ಟರೆ ಉಂಟು.

ನಿನ್ನ ಕಥೆಗೆ ಬೇಕಾದ ಬಿಕ್ಕಟ್ಟು ಆ ಕಾಲದ ಮದುವೆ ಕಾನೂನಿನಲ್ಲೇ ಇದೆ. 1753ರ ಕಾಯಿದೆಯ ಪ್ರಕಾರ 21 ವರ್ಷ ತುಂಬದವರು ಚರ್ಚಿನಿಂದ ಲೈಸೆನ್ಸ್ ಪಡೆದು ಮದುವೆಯಾಗಲು ಹಿರಿಯರ ಒಪ್ಪಿಗೆ ಬೇಕು. ಅಪ್ಪ ಅಮ್ಮ ಮದುವೆಯಾಗದೆ ಹುಟ್ಟಿದವಳಿಗೆ ಕಾನೂನಿನ ಕಣ್ಣಿನಲ್ಲಿ ತಂದೆಯೇ ಇಲ್ಲ. ಹೆತ್ತ ಅಪ್ಪನೇ ಒಪ್ಪಿದರೂ ಆ ಒಪ್ಪಿಗೆ ನಡೆಯುವುದಿಲ್ಲ. ಚಾನ್ಸರಿ ಕೋರ್ಟು ನೇಮಿಸಿದ ಪಾಲಕರೇ ಒಪ್ಪಬೇಕು. ಇದು ಗೊತ್ತಿಲ್ಲದೆ ಆದ ಮದುವೆಗಳನ್ನು ಕೋರ್ಟು ಅನೂರ್ಜಿತ ಅಂದದ್ದುಂಟು. ಯೋಚನೆ ಮಾಡಿ ನೋಡು. ಅಮ್ಮನ ಹುಟ್ಟಿನ ಗುಟ್ಟು ಬಯಲಾದ ಕೂಡಲೇ ಅವಳ ಮಕ್ಕಳೂ ಅದೇ ಸಾಲಿಗೆ ಬೀಳುತ್ತಾರೆ. ನಿನ್ನ ಹುಡುಗಿ ಸುಳ್ಳು ಹೇಳುವುದು ಬರೀ ಮರ್ಯಾದೆಗಾಗಿ ಅಲ್ಲ ಅಂತ ಆಗ ಓದುಗರಿಗೆ ತಾನಾಗಿ ಗೊತ್ತಾಗುತ್ತದೆ.

ಇನ್ನು ಆ ಪೆಟ್ಟಿಗೆಯ ಕಾಗದ. ಅಂಥದ್ದೊಂದು ಕಾಗದದ ನಿಜವಾದ ಕಥೆ ಇದೆ. ಪಾಠ ಮಾಡುತ್ತಿದ್ದ ದಿನಗಳಿಂದಲೂ ಅದು ನನ್ನ ಮನಸ್ಸಿನಲ್ಲಿ ಉಳಿದಿದೆ. ಮೇರಿ ಕೋಲ್ ಅಂತ ಗ್ಲಾಸ್ಟರ್ ಊರಿನ ಕಟುಕನ ಮಗಳು. ಬರ್ಕ್ಲಿಯ ಐದನೆಯ ಅರ್ಲ್ ಜೊತೆ ಬಾಳುವೆ ಮಾಡಿದಳು. ಅವನು ಅವಳಿಗಿಂತ ಇಪ್ಪತ್ತು ವರ್ಷಕ್ಕೂ ಹೆಚ್ಚು ದೊಡ್ಡವನು. ‘ಮಿಸ್ ಟ್ಯೂಡರ್’ ಅನ್ನುವ ಹೆಸರಿಟ್ಟುಕೊಂಡು ಅವನ ಮನೆಯಲ್ಲಿ ಇದ್ದಳು. ಮಕ್ಕಳಾದವು. 1796ರಲ್ಲಿ ಇಬ್ಬರೂ ಲಂಡನ್ ಹತ್ತಿರದ ಲ್ಯಾಂಬೆತ್‌ನಲ್ಲಿ ಮದುವೆಯಾದರು. ಆದರೆ ಇಂಗ್ಲೆಂಡಿನಲ್ಲಿ ಆಮೇಲೆ ಮದುವೆಯಾದರೆ ಮೊದಲು ಹುಟ್ಟಿದ ಮಕ್ಕಳಿಗೆ ಆ ಹಕ್ಕು ಸಿಗುತ್ತಿರಲಿಲ್ಲ. ಗಡಿ ದಾಟಿದರೆ ಸ್ಕಾಟ್ಲೆಂಡಿನಲ್ಲಿ ಸಿಗುತ್ತಿತ್ತು. ಇಂಗ್ಲೆಂಡಿನವರು ಅದಕ್ಕೆ 1926ರವರೆಗೆ ಕಾಯಬೇಕಾಯಿತು.

ಆಗ ಗಂಡ ಹೆಂಡತಿ ಇಬ್ಬರೂ, ನಾವು 1785ರಲ್ಲೇ ಗುಟ್ಟಾಗಿ ಮದುವೆಯಾಗಿದ್ದೆವು ಅಂದರು. ಬರ್ಕ್ಲಿ ಚರ್ಚಿನ ದಾಖಲೆ ಪುಸ್ತಕದಲ್ಲಿ ಅದರ ನಮೂದೂ ಇತ್ತು. ಅರ್ಲ್ 1810ರಲ್ಲಿ ತೀರಿಕೊಂಡ. ದೊಡ್ಡ ಮಗ ವಿಲಿಯಂ ಬಿರುದು ಕೇಳಿದ. ಹುಚ್ಚು ಹಿಡಿದ ಇಂಗ್ಲೆಂಡಿನ ರಾಜನ ಬದಲು ಅವನ ಮಗ ರೀಜೆಂಟ್ ಆಗಿ ಆಳತೊಡಗಿದ ವರ್ಷವೇ, 1811ರಲ್ಲೇ, ವಿಚಾರಣೆ ಪಾರ್ಲಿಮೆಂಟಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್ ಮುಂದೆ ಬಂತು. ಆ ತಾಯಿ ಎಲ್ಲರೆದುರು ನಿಂತು ಸಾಕ್ಷಿ ಹೇಳಬೇಕಾಯಿತು. ಲಾರ್ಡ್ಸ್ ನಂಬಲಿಲ್ಲ. 1796ರ ಮದುವೆಯ ನಂತರ ಹುಟ್ಟಿದ ಥಾಮಸ್ ಮೋರ್ಟನ್ ಅನ್ನುವ ಹುಡುಗನಿಗೆ ಬಿರುದು ಸಲ್ಲಬೇಕಾಯಿತು. ಅವನಿಗೆ ಆಗ ಹದಿನಾಲ್ಕು ವರ್ಷ.

ಆ ಹುಡುಗ ಬೆಳೆದು ದೊಡ್ಡವನಾದ. ಬಿರುದನ್ನು ಯಾವತ್ತೂ ಬಳಸಲಿಲ್ಲ. ತಾನು ಅರ್ಲ್ ಅಂತ ಹೇಳಿಕೊಂಡರೆ ಅಮ್ಮ ಸುಳ್ಳುಗಾತಿ, ಅಣ್ಣ ಹಾದರಕ್ಕೆ ಹುಟ್ಟಿದವನು ಅಂತ ತಾನೇ ಸಾರಿದ ಹಾಗೆ, ಅಲ್ವಾ? ಮನೆತನದ ಕೋಟೆಮನೆ ಅಪ್ಪನ ಉಯಿಲಿನಂತೆ ವಿಲಿಯಂ ಕೈಗೇ ಹೋಯಿತು. ನೋಡು, ಇಲ್ಲೂ ಒಂದು ಕಾಗದ ಇದೆ. ಅದು ಯಾರನ್ನೂ ಉಳಿಸಲಿಲ್ಲ. ಅಮ್ಮನ ಮಾನ ಒಂದಿಷ್ಟಾದರೂ ಉಳಿದಿದ್ದರೆ ಅದು ಒಬ್ಬ ಮಗ ತನಗೆ ಸೇರಿದ್ದನ್ನು ಕೈಯಲ್ಲಿ ಮುಟ್ಟದೇ ಇದ್ದದ್ದರಿಂದ. ನಿನ್ನ ನಾಯಕ ಇದುವರೆಗೆ ಏನು ಬಿಟ್ಟುಕೊಟ್ಟಿದ್ದಾನೆ? ನಾನು ಹುಡುಕಿದೆ. ಏನೂ ಇಲ್ಲ.

ಅವಳ ಸುಳ್ಳನ್ನು ಅವನು ‘ಕ್ಷಮಿಸುವ’ ಸಾಲಿನ ಮೇಲೂ ಗೆರೆ ಎಳೆದಿದ್ದೇನೆ. ಯಾಕೆ ಅಂತ ಹೇಳುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹುಡುಗಿ ಫಾರಂನಲ್ಲಿ ತಂದೆಯ ಹೆಸರಿನ ಜಾಗ ಖಾಲಿ ಬಿಟ್ಟಿದ್ದಳು. ಇಡೀ ತರಗತಿಯ ಮುಂದೆ ಕೇಳಿಬಿಟ್ಟೆ. ಅವಳು ತಲೆ ತಗ್ಗಿಸಿ ನಿಂತಳು. ಮಾರನೆಯ ದಿನ ಒಂದು ಹೆಸರು ಬರೆದು ತಂದಳು. ಅಕ್ಷರ ನೋಡಿದಾಗಲೇ ನನಗೆ ಗೊತ್ತಾಯಿತು. ಆ ಸುಳ್ಳನ್ನು ಅವಳ ಕೈಯಲ್ಲಿ ಬರೆಸಿದವಳು ನಾನು. ಕ್ಷಮೆ ಕೇಳಬೇಕಿತ್ತು, ಕೇಳಲಿಲ್ಲ. ಅವಳು ಆ ವರ್ಷವೇ ಬೇರೆ ಊರಿಗೆ ಹೋದಳು. ಈಗಲೂ ಆ ಮುಖ ನೆನಪಿದೆ.

ನಿನ್ನ ಅರ್ಲ್ ಕೂಡ ಮೊದಲ ದಿನ ಅವಳನ್ನು ‘ನಿಮ್ಮ ತಂದೆ ಯಾರು?’ ಅಂತ ಕೇಳುತ್ತಾನೆ. ಎಷ್ಟು ಸಹಜವಾಗಿ ಬರೆದಿದ್ದೀಯ! ಮತ್ತೆ ಆ ಪ್ರಶ್ನೆಯತ್ತ ಮರಳಿ ಹೋಗಿಲ್ಲ. ಹೋಗು. ತಾನು ಅದನ್ನು ಕೇಳಿದ್ದು ಯಾಕೆ ಅಂತ ಅವನಿಗೆ ಹೊಳೆಯಲಿ, ನಾಚಿಕೆ ಆಗಲಿ. ಕ್ಷಮೆ ಅವನು ಕೇಳಲಿ. ಅವಳು ಸುಳ್ಳು ಹೇಳಿದ್ದಕ್ಕೆ ಮನಸ್ಸಿಗೆ ನೋವಾಗಿದೆ ಅಂತಲೂ ಹೇಳಲಿ, ಅದು ಬೇರೆ ಮಾತು. ಪ್ರೀತಿಸಿದವರ ಹತ್ತಿರ ನಿಜ ಮುಚ್ಚಿಡುವುದು ಅವಳಿಗೂ ಸುಲಭ ಇರಲಿಲ್ಲ.

ಗವರ್ನೆಸ್ ಬಗ್ಗೆ ಒಂದು ಸಣ್ಣ ಮಾತು. ಅವಳನ್ನು ಆಳುಗಳ ಜೊತೆ ಊಟಕ್ಕೆ ಕೂರಿಸಿದ್ದೀಯ. ಆ ಪಾಡು ಅದಕ್ಕಿಂತ ಬೇರೆ. ಆಳುಗಳಿಗೂ ಸೇರಿದವಳಲ್ಲ, ಮನೆಯವರಿಗೂ ಸೇರಿದವಳಲ್ಲ. ಎಷ್ಟೋ ಸಲ ಒಂಟಿಯಾಗಿ ತಟ್ಟೆ ಮುಂದೆ ಕೂತವಳು. ಅದನ್ನು ಬರೆದರೆ ವರ್ಗದ ಬಗ್ಗೆ ನೀನು ಮಾಡಿಸಿರುವ ಎರಡು ಪುಟದ ಭಾಷಣ ಬೇಕಾಗುವುದಿಲ್ಲ.

ಆ ಪೆಟ್ಟಿಗೆಯನ್ನು ತೆಗೆದುಹಾಕಿ ಕೊನೆಯ ಮೂವತ್ತು ಪುಟ ಇನ್ನೊಮ್ಮೆ ಬರೆದು ನೋಡು ಕಂದ. ಸುಮ್ನೆ ಅವಸರ ಮಾಡಬೇಡ. ದಸರಾ ರಜೆಗೆ ಬರುವಾಗ ತಗೊಂಡು ಬಾ, ಹಿತ್ತಲಲ್ಲಿ ಕೂತು ಒಟ್ಟಿಗೆ ಓದೋಣ. ನಿನ್ನ ಅಮ್ಮನಿಗೆ ಮಂಡಿನೋವು ಹೇಗಿದೆ ಅಂತ ಬರೆ.

ನಿನ್ನ
ದೊಡ್ಡಮ್ಮ