ಪರದೆಯ ಮೇಲಿನ ಮೊದಲ ಅರ್ಥಕ್ಕೇ ನಿಲ್ಲದಿರಲಿ

ಸಂಪಾದಕರಿಗೆ ನಮಸ್ಕಾರ.

ಇಂಗ್ಲಿಷ್ ಪದಗಳ ಅರ್ಥ ತಿಳಿಯಲು ಮಕ್ಕಳಿಗೆ ಮೊಬೈಲ್‌ನಲ್ಲಿ ಒಂದು ನಿಘಂಟು ಇದ್ದರೆ ಸಾಕು ಎಂದು ಓದುಗರೊಬ್ಬರು ಕಳೆದ ವಾರ ಈ ಅಂಕಣದಲ್ಲಿ ಬರೆದಿದ್ದರು. ಚೀನಾದ ಚೆಂಗ್ಡು ನಗರದ ಕಾಲೇಜೊಂದರಲ್ಲಿ ಕೆಲವು ವರ್ಷ ಇಂಗ್ಲಿಷ್ ಕಲಿಸಿದ ನನಗೆ ಆ ಮಾತನ್ನು ಪೂರ್ತಿಯಾಗಿ ಒಪ್ಪಲಾಗುತ್ತಿಲ್ಲ. ಮೊಬೈಲ್ ನಿಘಂಟುಗಳಿಗಿಂತ ಮೊದಲೇ ಅಲ್ಲಿನ ವಿದ್ಯಾರ್ಥಿಗಳ ಬಳಿ ಅಂಗೈಯಲ್ಲಿ ಹಿಡಿಯುವಂಥ ವಿದ್ಯುನ್ಮಾನ ನಿಘಂಟುಗಳಿದ್ದವು. ಅವುಗಳಲ್ಲಿ ಹೆಸರುವಾಸಿಯಾದ ಒಂದಕ್ಕೆ, ವಿದ್ಯೆಗೂ ಪರೀಕ್ಷೆಗೂ ಒಡೆಯನೆಂದು ಚೀನೀಯರು ಭಾವಿಸಿದ ನಕ್ಷತ್ರದ ಹೆಸರನ್ನೇ ಇಟ್ಟು ‘ವೆನ್‌ಚೂಶಿಂಗ್’ ಎಂದು ಕರೆದಿದ್ದರು. ಸರಿಸಮನಾದ ಚೀನೀ ಪದವಿರುವ ಕಡೆ ಅದರಿಂದ ಆಗುತ್ತಿದ್ದ ಉಪಕಾರ ಸಣ್ಣದಲ್ಲ. ಅಂಥ ಪದವೇ ಇಲ್ಲದ ಕಡೆಯೂ ಅದು ಅಷ್ಟೇ ಖಚಿತವಾಗಿ ಉತ್ತರ ಕೊಡುತ್ತಿತ್ತು ಎಂಬುದೇ ತೊಡಕು.

ಒಬ್ಬ ವಿದ್ಯಾರ್ಥಿ ತನ್ನ ಅಜ್ಜಿಯ ಬಗ್ಗೆ ಬರೆದ ಪ್ರಬಂಧದಲ್ಲಿ ‘ನನ್ನ ಅಜ್ಜಿಗೆ ಪ್ರೈವೆಸಿ ಇಲ್ಲ’ ಎಂದಿದ್ದ. ಮನೆ ಇಕ್ಕಟ್ಟೆಂದು ದೂರುತ್ತಿದ್ದಾನೆ ಎಂದುಕೊಂಡೆ. ಕೇಳಿದಾಗ ತಿಳಿದದ್ದು ಬೇರೆ: ಅಜ್ಜಿಯದು ಮುಚ್ಚಿಡುವಂಥದ್ದೇನೂ ಇಲ್ಲದ ನೇರ ಬದುಕು ಎಂದು ಆತ ಹೊಗಳಿದ್ದ. ನಿಘಂಟು ಅವನಿಗೆ ತೋರಿಸಿದ್ದ ‘ಯಿನ್‌ಸಿ’ ಎಂಬ ಪದದ ಮೊದಲ ಅಕ್ಷರಕ್ಕೆ ಮರೆಮಾಡಿದ್ದು ಎಂದರ್ಥ. ಎರಡನೆಯದಕ್ಕೆ ಖಾಸಗಿ ಎಂಬುದರ ಜೊತೆಗೆ ಸ್ವಾರ್ಥ ಎಂಬ ನೆರಳೂ ಇದೆ. 1979ರ ಚೀನೀ ದಂಡ ಪ್ರಕ್ರಿಯಾ ಕಾನೂನಿನಲ್ಲಂತೂ, ಮುಚ್ಚಿದ ಬಾಗಿಲ ಹಿಂದೆ ವಿಚಾರಣೆ ನಡೆಸಬೇಕಾದ ಪ್ರಕರಣಗಳನ್ನು ಹೇಳುವಾಗ ಬಳಸಿದ್ದು, ಸ್ವರದ ಏರಿಳಿತವೊಂದನ್ನು ಬಿಟ್ಟರೆ ಇದೇ ರೀತಿ ಉಚ್ಚರಿಸುವ, ಆದರೆ ನಾಚಿಕೆಗೇಡಿನ ಗುಟ್ಟು ಎಂಬರ್ಥದ ಇನ್ನೊಂದು ಪದವನ್ನು. 2021ರಲ್ಲಿ ಜಾರಿಗೆ ಬಂದ ನಾಗರಿಕ ಸಂಹಿತೆಯು ‘ಯಿನ್‌ಸಿ’ಯನ್ನು ಕಾಪಾಡಬೇಕಾದ ಹಕ್ಕೆಂದು ಹೇಳುತ್ತದೆ. ಒಂದು ಪದ ಇಷ್ಟು ದಾರಿ ನಡೆದಿರುವಾಗ ಪರದೆಯ ಮೇಲಿನ ಎರಡು ಅಕ್ಷರ ಆ ಹುಡುಗನಿಗೆ ಏನನ್ನು ತಾನೇ ತಿಳಿಸೀತು?

‘ಕಸಿನ್’ ಎಂಬ ಪದದ್ದು ಮತ್ತೊಂದು ಬಗೆ. ಚೀನೀ ಭಾಷೆಯಲ್ಲಿ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳು ‘ಥಾಂಗ್’, ಸೋದರತ್ತೆ, ಸೋದರಮಾವ, ತಾಯಿಯ ಅಕ್ಕತಂಗಿಯರ ಮಕ್ಕಳು ‘ಬಿಯಾವ್’. ಹಿರಿಯರೋ ಕಿರಿಯರೋ, ಗಂಡೋ ಹೆಣ್ಣೋ ಎಂಬುದನ್ನೂ ಸೇರಿಸಿದರೆ ಎಂಟು ಪದಗಳಾಗುತ್ತವೆ. ಹಳೆಯ ಇಂಗ್ಲಿಷ್ ಕಾದಂಬರಿಯಲ್ಲಿ ನಾಯಕಿ ತನ್ನ ‘ಕಸಿನ್’ನನ್ನು ಮದುವೆಯಾಗುವುದನ್ನು ಓದಿದವರು ಪಟ್ಟಿಯ ಮೊದಲಿನ ‘ಥಾಂಗ್’ ಅರ್ಥವನ್ನೇ ಹಿಡಿದು, ಒಂದೇ ಮನೆತನದವರು ಮದುವೆಯಾಗುವುದೆಂತು ಎಂದು ಬೆಚ್ಚಿಬೀಳುತ್ತಿದ್ದರು. ಸೋದರತ್ತೆಯ ಮಗನಿಗೂ ಚಿಕ್ಕಪ್ಪನ ಮಗನಿಗೂ ಇರುವ ಅಂತರವನ್ನು ಬಲ್ಲ ಕನ್ನಡಿಗರಿಗೆ ಅವರ ಗಲಿಬಿಲಿ ಕೂಡಲೇ ಅರ್ಥವಾಗುತ್ತದೆ.

ಹಿಂದಿನ ಚೀನೀ ಬರಹಗಾರರು ಇಂಥ ಪದಗಳೆದುರು ತಡೆದು ನಿಂತವರೇ. ‘ಹ್ಯೂಮರ್’ ಎಂಬುದಕ್ಕೆ ಲಿನ್ ಯುಟಾಂಗ್ 1924ರಲ್ಲಿ ಅದರ ಧ್ವನಿಯನ್ನೇ ಅನುಸರಿಸಿ ‘ಯೌಮೊ’ ಎಂದರು. ಲೂ ಷುನ್ 1925ರ ಪ್ರಬಂಧವೊಂದರಲ್ಲಿ ‘ಫೇರ್ ಪ್ಲೇ’ ಎಂಬುದನ್ನು ಅದರ ಉಚ್ಚಾರದಂತೆಯೇ ನಾಲ್ಕು ಅಕ್ಷರಗಳಲ್ಲಿ ಬರೆದರು. ಸಮನಾದ ಪದವಿಲ್ಲ ಎಂದು ಓದುಗರೆದುರು ತೋರಿಸಿಕೊಳ್ಳುವ ಈ ಪ್ರಾಮಾಣಿಕತೆ ಯಂತ್ರದ ನಿಘಂಟುಗಳಲ್ಲಿ ಇರಲಿಲ್ಲ.

ಆದರೂ ನಿಘಂಟನ್ನು ತರಗತಿಯಿಂದ ಹೊರಗಿಡಿ ಎಂದು ನಾನು ಹೇಳಲಿಲ್ಲ. ಹಲವರ ಯಂತ್ರಗಳಲ್ಲಿ ಇಂಗ್ಲಿಷ್ ವಿವರಣೆ, ಚೀನೀ ಅರ್ಥ, ಉದಾಹರಣೆ ವಾಕ್ಯ ಮೂರೂ ಇದ್ದ ಆಕ್ಸ್‌ಫರ್ಡ್ ಇಂಗ್ಲಿಷ್–ಚೀನೀ ನಿಘಂಟೂ ಇತ್ತು. ಇನ್ನೊಂದು ಗುಂಡಿ ಒತ್ತಿದರೆ ಅದು ತೆರೆಯುತ್ತಿತ್ತು. ಮೊದಲು ವಿವರಣೆ ಓದಿ, ಬಳಿಕ ಎರಡು ವಾಕ್ಯ, ಕೊನೆಗೆ ಚೀನೀ ಪದ ಎಂದು ಕ್ರಮವನ್ನು ತಿರುಗಿಸಿದ ಮೇಲೆ, ‘ಈ ಪದಕ್ಕೆ ನಮ್ಮಲ್ಲಿ ಪದವಿಲ್ಲ’ ಎಂದು ಅವರೇ ಗುರುತಿಸತೊಡಗಿದರು.

ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2017ರಲ್ಲಿ ಎತ್ತಿಹಿಡಿದ ಹಕ್ಕನ್ನು ನಾವು ‘ಖಾಸಗಿತನ’ ಎನ್ನುತ್ತೇವೆ. ಹಳ್ಳಿಯ ವಿದ್ಯಾರ್ಥಿನಿಗೆ ಅದು ಗುಟ್ಟು ಎಂದೋ ಏಕಾಂತ ಎಂದೋ ತೋರಬಹುದು. ಆದ್ದರಿಂದ ಇಂಗ್ಲಿಷ್–ಕನ್ನಡ ಮೊಬೈಲ್ ನಿಘಂಟುಗಳನ್ನು ಸಿದ್ಧಪಡಿಸುವವರು ಇಂಥ ಪದಗಳಿಗೆ ಒಂಟಿ ಅರ್ಥದ ಬದಲು ಎರಡು ಸಾಲಿನ ಕನ್ನಡ ವಿವರಣೆಯನ್ನೂ ಬಳಕೆಯ ವಾಕ್ಯವನ್ನೂ ಕೊಡಬೇಕೆಂದು, ಅವನ್ನು ಓದಿಸಲು ಶಿಕ್ಷಕರು ತರಗತಿಯಲ್ಲಿ ಸಮಯ ತೆಗೆದಿಡಬೇಕೆಂದು ಕೋರುತ್ತೇನೆ.

— ನಿವೃತ್ತ ಇಂಗ್ಲಿಷ್ ಅಧ್ಯಾಪಕಿ, ಮೈಸೂರು