ನಮ್ಮೂರಿಗೆ ಯಾವಾಗ ಬರ್ತೀರಾ?

ಈ ಬೇಸಿಗೆ ಪಿಕ್‌ನಿಕ್ ಇಲ್ಲ. ಅದರ ಬದಲು ಜುಲೈನಲ್ಲಿ ಒಂದು ಶನಿವಾರ ಎಲ್ಲರೂ ಸೇರಿ ರಿಗ್ಲಿ ಫೀಲ್ಡ್ ಸ್ಟೇಡಿಯಂಗೆ ಬೇಸ್‌ಬಾಲ್ ನೋಡಲು ಹೋಗೋಣ ಅಂತ ನಮ್ಮ ಕನ್ನಡ ಕೂಟದ ಸಮಿತಿ ತೀರ್ಮಾನಿಸಿದೆ. ಇಷ್ಟು ಓದಿದ ಕೂಡಲೇ ಅರ್ಧ ಜನ ನನಗೆ ಫೋನ್ ಮಾಡುತ್ತೀರಿ ಅಂತ ಗೊತ್ತು. ದಯವಿಟ್ಟು ಪೂರ್ತಿ ಓದಿ, ಆಮೇಲೆ ಬೈಯಿರಿ.

ಇದಕ್ಕೆಲ್ಲ ಕಾರಣ ನಮ್ಮ ಕನ್ನಡ ತರಗತಿಯ ಒಬ್ಬ ಹುಡುಗ. ಯುಗಾದಿ ಕಾರ್ಯಕ್ರಮ ಮುಗಿದು ಕುರ್ಚಿ ಮಡಚುತ್ತಿದ್ದಾಗ ಹತ್ತಿರ ಬಂದು ಕೇಳಿದ: "ಆಂಟಿ, ನೀವು ಯಾವಾಗ್ಲೂ ನಿಮ್ಮ ಊರೇ ತೋರಿಸ್ತೀರಾ. ಹಂಪಿ, ಮೈಸೂರು, ಜೋಗ. ನಮ್ಮೂರಿಗೆ ಯಾವಾಗ ಬರ್ತೀರಾ?" ನಿಮ್ಮೂರು ಯಾವುದಪ್ಪಾ ಅಂದೆ. "ಶಿಕಾಗೋ!" ಅಂದ, ಇಷ್ಟೂ ಗೊತ್ತಿಲ್ವಾ ಅನ್ನೋ ಮುಖ ಮಾಡಿಕೊಂಡು.

ಅವನು ಹೇಳಿದ್ದು ಸರಿ ಅಲ್ವಾ? ಊರಿಂದ ಅಪ್ಪ ಅಮ್ಮ ಬಂದರೆ ಬೀನ್ ಶಿಲ್ಪ ತೋರಿಸಿ, ವಿಲ್ಲಿಸ್ ಟವರ್ ಹತ್ತಿಸಿ ಕರೆತರುತ್ತೇವೆ. ಇಲ್ಲದಿದ್ದರೆ ನಮ್ಮವರ ಅಂಗಡಿಗಳಿರುವ ಡೆವಾನ್ ಅವೆನ್ಯೂ, ಅದೂ ಕರಿಬೇವಿಗೆ. ಉಳಿದಂತೆ ನೇಪರ್‌ವಿಲ್, ಶಾಂಬರ್ಗ್, ಅರೋರಾ ಅಂತ ನಮ್ಮ ಉಪನಗರ ಬಿಟ್ಟು ಆಚೆ ಬರುವವರೇ ಕಡಿಮೆ. ಮಕ್ಕಳು ಮಾತ್ರ ಇಲ್ಲಿನ ಬೇಸ್‌ಬಾಲ್ ತಂಡ ಕಬ್ಸ್ ಗೆದ್ದರೆ ಕುಣಿಯುತ್ತಾರೆ, ಸೋತರೆ ಊಟ ಬಿಡುತ್ತಾರೆ. ನಾವು "ಹೋಗ್ಲಿ ಬಿಡು, ಹೋಮ್‌ವರ್ಕ್ ಮಾಡು" ಅನ್ನುತ್ತೇವೆ.

ಸಮಿತಿ ಸಭೆಯಲ್ಲಿ ಆಕ್ಷೇಪಗಳು ಬಂದವು. ಟಿಕೆಟ್ ದುಬಾರಿ, ಬಿಸಿಲು, ಬಿಯರ್ ಕುಡಿಯುವವರ ಗಲಾಟೆ, ಸಸ್ಯಾಹಾರಿಗಳಿಗೆ ಏನು ಸಿಗುತ್ತೆ. ಒಬ್ಬ ಹಿರಿಯರು ಡೊಳ್ಳು ತರೋಣ, ದೊಡ್ಡ ಬ್ಯಾನರ್ ಹಿಡಿಯೋಣ ಅಂದರು. ಬೇಡ ಸಾರ್. ಒಂದು ಸಲವಾದರೂ ಅತಿಥಿಗಳ ಹಾಗೆ ಹೋಗೋಣ. ಆಟ ಏನು ಅಂತ ಮಕ್ಕಳು ಹೇಳಿಕೊಡಲಿ, ನಾವು ಕೇಳೋಣ.

ಜಾಗದ ಬಗ್ಗೆ ಸ್ವಲ್ಪ. ರಿಗ್ಲಿ ಫೀಲ್ಡ್ ಶುರುವಾದದ್ದು 1914ರಲ್ಲಿ. ಇಲ್ಲಿನ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಇದಕ್ಕಿಂತ ಹಳೆಯದು ಬಾಸ್ಟನ್ನಿನ ಫೆನ್‌ವೇ ಪಾರ್ಕ್ ಒಂದೇ. ಹೆಸರು ಚೂಯಿಂಗ್ ಗಮ್ ಮಾಡುವ ರಿಗ್ಲಿ ಅವರದ್ದು. ಮೈದಾನದ ಅಂಚಿನ ಇಟ್ಟಿಗೆ ಗೋಡೆ ಮೇಲೆ 1937ರಲ್ಲಿ ನೆಟ್ಟ ಹಸಿರು ಬಳ್ಳಿ ಹಬ್ಬಿದೆ. ಚೆಂಡು ಬಳ್ಳಿಯೊಳಗೆ ಸಿಕ್ಕಿಹಾಕಿಕೊಂಡರೆ ಬ್ಯಾಟರ್ ಎರಡನೇ ಬೇಸ್‌ವರೆಗೆ ಹೋಗಿ ನಿಲ್ಲಬಹುದು. ಫೀಲ್ಡರ್ ಎರಡೂ ಕೈ ಎತ್ತಿ "ಸಿಗ್ತಿಲ್ಲ" ಅಂತ ತೋರಿಸಿದರೆ ಸಾಕು. ಸ್ಕೋರ್‌ಬೋರ್ಡ್ ಕೂಡ 1937ರದ್ದೇ. ಇವತ್ತಿಗೂ ಒಳಗೆ ಜನ ಕೂತು ಕೈಯಲ್ಲೇ ಅಂಕಿಗಳ ಹಲಗೆ ಬದಲಿಸುತ್ತಾರೆ. ರಾತ್ರಿ ಆಡಲು ದೀಪ ಬಂದದ್ದು 1988ರಲ್ಲಿ. ಅಕ್ಕಪಕ್ಕದ ಮನೆಯವರು ಬೇಡ ಅಂತ ಹಠ ಹಿಡಿದಿದ್ದರು. 8-8-88 ಅಂತ ಒಳ್ಳೆ ತಾರೀಖು ನೋಡಿ ಮೊದಲ ಆಟ ಇಟ್ಟರು, ಮಳೆ ಬಂದು ಆಟವೇ ನಿಂತಿತು. ಮುಹೂರ್ತ ನಂಬುವವರು ನಾವಷ್ಟೇ ಅಲ್ಲ!

ಆರ್‌ಸಿಬಿಯವರಿಗೆ ಕಬ್ಸ್ ಕಥೆ ಬೇಗ ಅರ್ಥವಾಗುತ್ತದೆ. "ಈ ಸಲ ಕಪ್ ನಮ್ದೇ" ಅಂತ ನಾವು ಕಾದದ್ದು ಹದಿನೆಂಟು ಸೀಸನ್. ಇವರು 1908ರಲ್ಲಿ ವರ್ಲ್ಡ್ ಸೀರೀಸ್ ಗೆದ್ದವರು ಮತ್ತೆ ಗೆದ್ದದ್ದು 2016ರಲ್ಲಿ, 108 ವರ್ಷ ಆದಮೇಲೆ. ಆ ವಾರ ಜನ ಸೀಮೆಸುಣ್ಣ ಹಿಡಿದು ಬಂದು ಸ್ಟೇಡಿಯಂ ಹೊರಗಿನ ಇಟ್ಟಿಗೆ ಗೋಡೆ ತುಂಬ ಹೆಸರು ಬರೆದರು. ಗೆಲ್ಲೋದನ್ನು ನೋಡದೆ ತೀರಿಹೋದ ಅಪ್ಪ, ಅಜ್ಜ, ಅಜ್ಜಿಯರ ಹೆಸರು. ಕೈ ಎಟುಕುವಷ್ಟು ಎತ್ತರಕ್ಕೆ ಜಾಗವೇ ಉಳಿಯಲಿಲ್ಲ. ನಾನಾಗಿದ್ದರೆ ಚಿಕ್ಕಪ್ಪನ ಹೆಸರು ಬರೆಯುತ್ತಿದ್ದೆ.

ಚಿಕ್ಕಪ್ಪ ನನ್ನನ್ನು ಮೊದಲ ಸಲ ಚಿನ್ನಸ್ವಾಮಿ ಸ್ಟೇಡಿಯಂಗೆ ಕರೆದುಕೊಂಡು ಹೋದದ್ದು 1996ರ ಅಕ್ಟೋಬರ್‌ನಲ್ಲಿ, ಟೈಟನ್ ಕಪ್, ಆಸ್ಟ್ರೇಲಿಯಾ ಮೇಲೆ. ಜೊತೆಗೆ ಚಿಕ್ಕಮ್ಮ. ಅವರಿಗೆ ಕ್ರಿಕೆಟ್ಟಿನ ಗಂಧಗಾಳಿ ಇರಲಿಲ್ಲ. ಒಂದು ಟಿಕೆಟ್ ಹೆಚ್ಚಿಗೆ ಇತ್ತು, ದುಡ್ಡು ದಂಡ ಆಗಬಾರದು ಅಂತ ಬಂದರು. ನ್ಯೂಸ್‌ಪೇಪರಿನೊಳಗೆ ಬಾಳೆ ಎಲೆ ಇಟ್ಟು ಚಿತ್ರಾನ್ನ ಕಟ್ಟಿಕೊಂಡಿದ್ದರು. ಸಿಮೆಂಟ್ ಮೆಟ್ಟಿಲ ಮೇಲೆ ಕೂತು, ಪಕ್ಕದಲ್ಲಿದ್ದ ಗುರುತಿಲ್ಲದ ಹುಡುಗರಿಗೂ ಒಂದೊಂದು ಹಿಡಿ ಹಂಚಿದರು. ಚಿಕ್ಕಪ್ಪ ಕಿವಿಗೆ ಟ್ರಾನ್ಸಿಸ್ಟರ್ ಒತ್ತಿಕೊಂಡಿದ್ದರು. ಕಣ್ಣೆದುರು ಆಡುತ್ತಿದ್ದರೂ ರೇಡಿಯೋದವರು ಹೇಳಿದ ಮೇಲೇ ಅವರಿಗೆ ನಂಬಿಕೆ.

ಬೆನ್ನಟ್ಟಬೇಕಾಗಿದ್ದು 216. ಸಚಿನ್ 88ಕ್ಕೆ ಔಟಾದಾಗ ಎಂಟು ವಿಕೆಟ್ ಹೋಗಿತ್ತು, ಇನ್ನೂ 52 ಬೇಕಿತ್ತು. ಗ್ಯಾಲರಿಯಲ್ಲಿ ಜನ ಎದ್ದು ಚಪ್ಪಲಿ ಹುಡುಕತೊಡಗಿದರು. ಎಲ್ಲ ಬಲ್ಲ ಚಿಕ್ಕಪ್ಪ "ಮುಗೀತು, ಏಳ್ರೋ, ಆಮೇಲೆ ಬಸ್ ಸಿಗಲ್ಲ" ಅಂದರು. ಚಿಕ್ಕಮ್ಮ ಏಳಲಿಲ್ಲ. "ಅವರಿಬ್ಬರು ಇನ್ನೂ ಆಡ್ತಾ ಇದ್ದಾರಲ್ಲ, ಮಧ್ಯದಲ್ಲಿ ಎದ್ದು ಹೋದ್ರೆ ಏನಂದ್ಕೋತಾರೆ?" ಅಂದರು, ಮದುವೆ ಊಟದ ಪಂಕ್ತಿಯಿಂದ ಏಳಬಾರದು ಅನ್ನೋ ಧಾಟಿಯಲ್ಲಿ. ಆಡುತ್ತಿದ್ದವರು ಶ್ರೀನಾಥ್ ಮತ್ತು ಕುಂಬ್ಳೆ. ಒಂದು, ಎರಡು, ಮಧ್ಯೆ ಒಂದು ಜೋರು ಹೊಡೆತ. ಹೊರಟವರು ಗೇಟಿನ ಹತ್ತಿರ ಕೂಗು ಕೇಳಿ ವಾಪಸ್ ಓಡಿ ಬಂದರು. ಚಿಕ್ಕಪ್ಪ ಟ್ರಾನ್ಸಿಸ್ಟರ್ ಆಫ್ ಮಾಡಿ ಜೇಬಿಗೆ ಹಾಕಿಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ. 49ನೇ ಓವರ್‌ನಲ್ಲಿ ಗೆದ್ದೆವು. ಕುಂಬ್ಳೆ ಅಮ್ಮನನ್ನು ಟಿವಿಯಲ್ಲಿ ತೋರಿಸಿದರು ಅಂತ ಮನೆಗೆ ಹೋದ ಮೇಲೆ ಅಜ್ಜಿ ಹೇಳಿದರು. ಬಸ್ ಸಿಗಲಿಲ್ಲ. ಕಬ್ಬನ್ ಪಾರ್ಕ್ ಪಕ್ಕದಲ್ಲಿ ಗುಂಪಿನ ಜೊತೆ ನಡೆದೆವು. ಚಿಕ್ಕಮ್ಮ ದಾರಿಯುದ್ದಕ್ಕೂ ಎಲ್‌ಬಿಡಬ್ಲ್ಯೂ ಅಂದರೇನು ಅಂತ ಕೇಳುತ್ತಿದ್ದರು.

ಆದ್ದರಿಂದ "ನಮಗೆ ಬೇಸ್‌ಬಾಲ್ ಅರ್ಥವಾಗಲ್ಲ" ಅನ್ನುವ ನೆಪ ನನ್ನ ಹತ್ತಿರ ನಡೆಯಲ್ಲ. ಒಂಬತ್ತು ಇನ್ನಿಂಗ್ಸ್, ಪ್ರತಿ ಸಲ ಮೂರು ಔಟ್, ಡ್ರಾ ಇಲ್ಲ. 2023ರಿಂದ ಚೆಂಡೆಸೆಯುವವರಿಗೆ (ಪಿಚರ್) ಗಡಿಯಾರ ಇಟ್ಟಿರುವುದರಿಂದ ಮೂರು ಗಂಟೆಯೊಳಗೆ ಸಾಮಾನ್ಯವಾಗಿ ಮುಗಿಯುತ್ತದೆ, ನಮ್ಮ ರಾಜ್ಯೋತ್ಸವ ಕಾರ್ಯಕ್ರಮಕ್ಕಿಂತ ಬೇಗ. ಸ್ಟ್ಯಾಂಡಿಗೆ ಬಂದ ಚೆಂಡು ಹಿಡಿದವರದ್ದೇ, ವಾಪಸ್ ಕೊಡಬೇಕಾಗಿಲ್ಲ. ಎದುರು ತಂಡದ ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಚೆಂಡಾದರೆ ಮಾತ್ರ ಬ್ಲೀಚರ್ಸ್‌ನಲ್ಲಿ, ಅಂದರೆ ಗೋಡೆಯಾಚೆಯ ಬೆಂಚುಗಳಲ್ಲಿ, ಕೂತವರು "ವಾಪಸ್ ಎಸಿ" ಅಂತ ಕೂಗುತ್ತಾರೆ. ಎಸೆಯಿರಿ, ಜಗಳ ಬೇಡ.

ಇನ್ನೊಂದು ಮಾತು, ಇದು ತಮಾಷೆಯಲ್ಲ. 2025ರ ಜೂನ್ 3ರಂದು ಆರ್‌ಸಿಬಿ ಕಪ್ ಗೆದ್ದು ನಾವೆಲ್ಲ ಕುಣಿದೆವು. ಮರುದಿನ ಅದೇ ಚಿನ್ನಸ್ವಾಮಿ ಗೇಟುಗಳ ಹೊರಗೆ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ಸತ್ತರು. ಸಭೆಯಲ್ಲಿ ಒಬ್ಬ ತಾಯಿ ಅದನ್ನು ನೆನಪಿಸಿದಾಗ ಯಾರೂ ಮಾತಾಡಲಿಲ್ಲ. ರಿಗ್ಲಿಯಲ್ಲಿ ನಲವತ್ತೊಂದು ಸಾವಿರಕ್ಕೂ ಹೆಚ್ಚು ಸೀಟುಗಳಿವೆ. ಹಾಗಾಗಿ ಪ್ರತಿ ಮಗುವಿನ ಕೈಗೆ ಹಳದಿ-ಕೆಂಪು ಪಟ್ಟಿ, ಅದರ ಮೇಲೆ ಅಪ್ಪ ಅಥವಾ ಅಮ್ಮನ ಫೋನ್ ನಂಬರ್. ಆಟ ಮುಗಿದ ಮೇಲೆ ಮೊದಲ ಗುಂಪಿನ ಜೊತೆ ಸ್ಟೇಷನ್ನಿಗೆ ನುಗ್ಗುವುದಿಲ್ಲ. ಅರ್ಧ ಗಂಟೆ ಕೂತು, ಜನ ಕರಗಿದ ಮೇಲೆ ಹೊರಡುತ್ತೇವೆ.

ಕಾರು ತರಬೇಡಿ, ಅಲ್ಲಿ ಪಾರ್ಕಿಂಗ್ ಹುಡುಕುವಷ್ಟರಲ್ಲಿ ಮೂರನೇ ಇನ್ನಿಂಗ್ಸ್ ಆಗಿರುತ್ತೆ. ನೇಪರ್‌ವಿಲ್ ಕಡೆಯವರು ಮೆಟ್ರಾ ರೈಲಿನಲ್ಲಿ ಯೂನಿಯನ್ ಸ್ಟೇಷನ್‌ವರೆಗೆ ಬಂದು, ಅಲ್ಲಿಂದ ಜ್ಯಾಕ್ಸನ್‌ವರೆಗೆ ನಡೆದು ರೆಡ್ ಲೈನ್ ಹಿಡಿಯಿರಿ. ಶಾಂಬರ್ಗ್‌ನವರು ರೋಸ್‌ಮಾಂಟ್‌ನಲ್ಲಿ ಕಾರು ಬಿಟ್ಟು ಬ್ಲೂ ಲೈನ್ ಹಿಡಿದು, ಜ್ಯಾಕ್ಸನ್‌ನಲ್ಲಿ ರೆಡ್ ಲೈನ್‌ಗೆ ಬದಲಿಸಿ. ಇಳಿಯಬೇಕಾದದ್ದು ರೆಡ್ ಲೈನ್‌ನ ಆಡಿಸನ್ ಸ್ಟೇಷನ್. ಟಿಕೆಟ್ ಫೋನಿನಲ್ಲೇ ಬರುತ್ತದೆ, ಹಿರಿಯರಿಗೆ ಮಕ್ಕಳು ಹಾಕಿಕೊಡಿ. ಒಳಗೆ ನೋಟು ನಡೆಯಲ್ಲ, ಕಾರ್ಡ್ ಬೇಕು. ಸ್ಟ್ಯಾಂಡಿನ ಹಿಂದಿನ ಸಾಲುಗಳಲ್ಲಿ ಕಂಬ ಅಡ್ಡ ಬರುತ್ತೆ, ಅಂಥ ಸೀಟು ತಪ್ಪಿಸಿ ಒಟ್ಟಿಗೆ ಕಾದಿರಿಸಲು ಪ್ರಯತ್ನಿಸುತ್ತಿದ್ದೇವೆ. ಮಿಶಿಗನ್ ಸರೋವರದ ಕಡೆಯಿಂದ ಗಾಳಿ ಬೀಸಿದರೆ ಜುಲೈನಲ್ಲೂ ಚಳಿ, ಅಜ್ಜಿಯರಿಗೆ ಸ್ವೆಟರ್ ಇರಲಿ.

ಉಳಿದ ಸುದ್ದಿ ಗಡಿಬಿಡಿಯಲ್ಲಿ: ವರಮಹಾಲಕ್ಷ್ಮಿ ಪೂಜೆಗೆ ಹೆಸರು ಕೊಡುವುದು ಈ ತಿಂಗಳೊಳಗೆ. ಗಣೇಶನ ಹಬ್ಬದ ನಾಟಕಕ್ಕೆ ಇನ್ನೂ ಒಬ್ಬ ಖಳನಾಯಕ ಬೇಕು, ಮೀಸೆ ಕೂಟದ್ದೇ. ಲೈಬ್ರರಿ ಪುಸ್ತಕ ಎರಡು ವರ್ಷದಿಂದ ಇಟ್ಟುಕೊಂಡಿರುವವರು, ನೀವು ಯಾರು ಅಂತ ನಿಮಗೇ ಗೊತ್ತು. ಸದಸ್ಯತ್ವದ ಹಣ ಬಾಕಿ ಇರುವವರಿಗೂ ಇದೇ ಮಾತು. ನಮ್ಮ ಸೌಂಡ್ ಸಿಸ್ಟಂ ನೋಡಿಕೊಳ್ಳುತ್ತಿದ್ದ ಕುಟುಂಬ ಡಾಲಸ್‌ಗೆ ಹೊರಟಿದೆ. ಬೀಳ್ಕೊಡುಗೆ ಊಟ ಮುಂದಿನ ಭಾನುವಾರ. ಮೈಕು ಕೀರ್ ಅನ್ನದೆ ಇದ್ದದ್ದಕ್ಕೆ ಅವರೇ ಕಾರಣ ಅನ್ನೋದು ಇನ್ನು ಮೇಲೆ ಗೊತ್ತಾಗುತ್ತೆ.

ಸುದ್ದಿಪತ್ರಕ್ಕೂ ಯಾರಾದರೂ ಬನ್ನಿ. ನುಡಿ ತಂತ್ರಾಂಶದಲ್ಲಿ ಟೈಪಾಗಿ ಬಂದ ಲೇಖನ ಯೂನಿಕೋಡ್‌ಗೆ ಬದಲಿಸಿದರೆ ಒತ್ತಕ್ಷರ ಕೆಡುತ್ತೆ, ಒಂದೊಂದೇ ಸರಿಮಾಡಬೇಕು. ಈಗ ರಾತ್ರಿ ಒಂದೂವರೆ, ಬೆಳಿಗ್ಗೆ ಆಫೀಸು. ವಾರಕ್ಕೆ ಒಂದು ಸಂಜೆ ಕೊಟ್ಟರೂ ಸಾಕು. ಕಾಫಿ ನನ್ನದು.

ಬೇಸ್‌ಬಾಲ್‌ಗೆ ಹೆಸರು ಕೊಡುವವರು ಎಷ್ಟು ಜನ, ಅದರಲ್ಲಿ ಮಕ್ಕಳೆಷ್ಟು ಅಂತ ಭಾನುವಾರದೊಳಗೆ ತಿಳಿಸಿ. ಮನೆ ತಿಂಡಿ ಒಳಗೆ ಬಿಡುತ್ತಾರೆ, ನೀರಿನ ಬಾಟಲಿ ಮಾತ್ರ ಸೀಲ್ ಒಡೆಯದ್ದಾಗಿರಬೇಕು. ಮೊಸರನ್ನ ತರುವವರು ದಯವಿಟ್ಟು ಚಮಚ ತನ್ನಿ.