ಲಕ್ಷದ್ವೀಪಕ್ಕೆ ಹೊರಟವರಿಗೆ: ಬಿಳಿ ಹವಳ ಕಂಡರೆ

ಕಾಸರಗೋಡಿನಿಂದ ಡೈವಿಂಗಿಗೆ ಹೊರಟ ಎಲ್ಲರ ಗಮನಕ್ಕೆ. ಬಿಳಿ ಹವಳ ಕಂಡ ಕೂಡಲೇ ಡೈವ್ ಟಿಪ್ಪಣಿಯಲ್ಲಿ ‘ಸತ್ತಿದೆ’ ಎಂದು ಬರೆಯಬೇಡಿ. ನೀರು ಬೇಸಿಗೆಯ ವಾಡಿಕೆಯ ಗರಿಷ್ಠಕ್ಕಿಂತ 1 ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೇ ನಿಂತರೆ, ಹವಳ ತನಗೆ ಬಣ್ಣ ಕೊಡುವ ಒಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಆಗಲೂ ಜೀವ ಇರುತ್ತದೆ, ನೀರು ಬೇಗ ತಣಿದರೆ ಚೇತರಿಸಿಕೊಳ್ಳಲೂಬಹುದು. ಮೇಲೆ ಹಸಿರು, ಕಂದು ಪಾಚಿ ಹತ್ತಿದ್ದರೆ ಆ ಭಾಗ ಸತ್ತದ್ದು. 1998, 2010, 2016ರಲ್ಲಿ ಲಕ್ಷದ್ವೀಪದ ಹವಳ ಹೀಗೆ ಬಿಳಿಚಿಕೊಂಡಿತ್ತು. ಹಾಗಾಗಿ ಬಿಳಿಚಿದ್ದು, ಸತ್ತದ್ದು ಎರಡನ್ನೂ ಬೇರೆ ಬೇರೆ ಬರೆಯುವುದು ಬಹಳ ಮುಖ್ಯ.

ಆಳದಲ್ಲಿ ಕೆಂಪು ಬಣ್ಣ ಮೊದಲು ಮಾಯವಾಗುತ್ತದೆ, ಹಾಗಾಗಿ ಹವಳದ ನಿಜ ಬಣ್ಣ ಕಾಣುವುದಿಲ್ಲ. ಪಕ್ಕದಲ್ಲಿ ಬಿಳಿ ಸ್ಲೇಟ್ ಹಿಡಿದು, ಟಾರ್ಚ್ ಹಾಕಿಯೇ ಫೋಟೋ ತೆಗೆಯಿರಿ. ಆಳ, ಉಷ್ಣತೆ, ಸಮಯವನ್ನು ಡೈವ್ ಕಂಪ್ಯೂಟರ್ ನೋಡಿ ಬರೆದುಕೊಳ್ಳಿ. ಕಾಲಿನ ಫಿನ್ ಹವಳಕ್ಕೆ ತಾಗದಿರಲಿ. ಸತ್ತ ತುಂಡನ್ನೂ ತರಬೇಡಿ.